ಸ್ಟ್ಯಾನ್ಮೋರಿಗೆ ಹೊರಟ ಬನ್ನಿ

ಹೌನ್ಸ್ಲೋದ ನಮ್ಮ ಮನೆಯಲ್ಲಿ ಯಾವ ಜಗಳವೂ ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ. ಲಂಡನ್ನಿನ ಹೀಥ್ರೋ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ದಾರಿ ನಮ್ಮ ಹೆಂಚಿನ ಮೇಲೇ ಇತ್ತು. ಒಂದು ಬಂತೆಂದರೆ ಕಿಟಕಿಯ ಗಾಜು ನಡುಗುತ್ತಿತ್ತು, ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು, ಮಾತಾಡುತ್ತಿದ್ದವರು ತೆರೆದ ಬಾಯಿಯಲ್ಲೇ ನಿಲ್ಲುತ್ತಿದ್ದರು. ಅಪ್ಪ ಏರ್‌ಪೋರ್ಟಿನಲ್ಲಿ ಸಾಮಾನು ಏರಿಸುವ ಕೆಲಸದಲ್ಲಿದ್ದ. ದಿನವಿಡೀ ಆ ಸದ್ದಿನಲ್ಲೇ ಇದ್ದು ಮನೆಗೆ ಬಂದು, ಅದೇ ಸದ್ದಿಗೆ ಮತ್ತೆ ಬಾಯಿ ಮುಚ್ಚಬೇಕಾಗುತ್ತಿತ್ತು. ವಿಮಾನ ದಾಟಿದ ಮೇಲೆ ಬೈಗುಳ ನಿಂತ ಜಾಗದಿಂದ ಮುಂದುವರಿಯಬೇಕು. ಅಷ್ಟರಲ್ಲಿ ಅವನಿಗೆ ಮರೆತಿರುತ್ತಿತ್ತು.

"ಏನ ಅನ್ನಾಕತ್ತಿದ್ದೆ ನಾ?"

"ನನ್ನಂಥ ಹೆಂಡ್ತಿ ಹುಡುಕಿದ್ರೂ ಸಿಗಂಗಿಲ್ಲ ಅನ್ನಾಕತ್ತಿದ್ರಿ," ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು.

ಅಪ್ಪ ನಗುವುದರೊಳಗೆ ಇನ್ನೊಂದು ವಿಮಾನ. ಧಾರವಾಡದಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದ ನಾನು ಲಂಡನ್ನಿನ ಶಾಲೆಯಲ್ಲಿ ಹೇಗೋ ಕೆಲವು ವರ್ಷ ಕಳೆದು, ಹದಿನಾರು ದಾಟುತ್ತಲೇ ಬಿಟ್ಟೆ. ಅವ್ವ ವಿಮಾನದವರ ಊಟ ತಯಾರಿಸುವ ಅಡುಗೆಮನೆಯಲ್ಲಿ ತಟ್ಟೆ ಜೋಡಿಸುತ್ತಿದ್ದಳು. ನಾನೂ ಅವಳ ಪಕ್ಕದಲ್ಲಿ ನಿಂತೆ. ಬೆಳಿಗ್ಗೆ ನಾವು ಜೋಡಿಸಿದ ಬೆಣ್ಣೆ, ಬನ್ನು ಮಧ್ಯಾಹ್ನ ನಮ್ಮ ಮನೆಯ ಮೇಲೇ ಹಾರಿ ಹೋಗುತ್ತಿದ್ದವು. ಓದು ಬಿಟ್ಟದ್ದಕ್ಕೆ ನನಗೆ ಆಗ ದುಃಖವಾಗಲಿಲ್ಲ. ಮನೆಯಲ್ಲಿ ಓದಿದವಳು ಒಬ್ಬಳಿದ್ದಳಲ್ಲ, ಅವಳೇ ಸಾಕು ಎನಿಸಿತ್ತು. ಅವಳು ನನ್ನ ಅಕ್ಕ ಗಂಗಾ.

ಅಕ್ಕ ಧಾರವಾಡದಲ್ಲಿ ಬಿಕಾಂ ಮಾಡಿ ಬಂದವಳು. ಹೈಸ್ಟ್ರೀಟಿನ ಬ್ಯಾಂಕಿನಲ್ಲಿ ಕೌಂಟರಿನ ಗಾಜಿನ ಹಿಂದೆ ಕೂರುವ ಕೆಲಸ ಸಿಕ್ಕಿತು. ಮುಂದೆ ಅದೇ ಬ್ಯಾಂಕಿನ ಒಳಕೋಣೆಯಲ್ಲಿ ಮ್ಯಾನೇಜರಳಾಗಿ ಕೂತಳು. ಸಿಟಿಯ ದೊಡ್ಡ ಆಫೀಸಿಗೆ ಕರೆದರೂ ಹೋಗಲಿಲ್ಲ. "ಅಲ್ಲಿ ನನ್ನ ಗುರುತು ಹಿಡಿಯೋರು ಯಾರದಾರ?" ಎಂದಳು. ಲಂಡನ್ ಎಂದರೆ ಜನ ಏನೇನೋ ಊಹಿಸುತ್ತಾರೆ. ನಮ್ಮ ಪಾಲಿಗೆ ಅದು ಒಂದು ಮಾರ್ಕೆಟ್ಟು, ಒಂದು ಬಸ್ ಸ್ಟೇಷನ್ನು, ಒಂದು ಬ್ಯಾಂಕು ಇದ್ದ ಸಣ್ಣ ಊರು. ಪಕ್ಕದ ಕೌಂಟರುಗಳು ಖಾಲಿ ಇದ್ದರೂ ಪಂಜಾಬಿ ಅಜ್ಜಿಯರು ಅಕ್ಕನ ಸಾಲಿನಲ್ಲೇ ನಿಲ್ಲುತ್ತಿದ್ದರು. ಅವಳು ಕೈ ಮಾಡಿ ಆ ಕಡೆ ಹೋಗಿ ಎಂದರೆ ಕಿವಿ ಕೇಳಿಸದವರಂತೆ ಛಾವಣಿ ನೋಡುತ್ತಿದ್ದರು. ಬ್ಯಾಂಕು ಮುಚ್ಚಿದ ಮೇಲೂ ಅವಳ ಕೆಲಸ ಮುಗಿಯುತ್ತಿರಲಿಲ್ಲ. ನಮ್ಮ ಮನೆಯ ಮುಂಗೋಣೆಯಲ್ಲಿ ಯಾರಾದರೂ ಕಾಯುತ್ತಿದ್ದರು: ಜಿಪಿ ಡಾಕ್ಟರ ಹತ್ತಿರ ಮೊಣಕಾಲಿನ ನೋವನ್ನು ಹೇಳಲು ಬಾರದ ಅಜ್ಜ, ಕೌನ್ಸಿಲಿನವರು ಕಸದ ಡಬ್ಬಿ ಒಯ್ದಿಲ್ಲವೆಂದು ಕಣ್ಣೀರಿಡುವ ಹೆಂಗಸು. ಅವ್ವ ಚಹಾ ಮಾಡಿ ಮಾಡಿ ಸುಸ್ತಾಗಿ ಗೊಣಗುತ್ತಿದ್ದಳು.

"ಬ್ಯಾಂಕ್ ಅಲ್ಲೇ ಬಿಟ್ಟು ಬಾರವ್ವ. ಇಲ್ಲಿ ಬ್ರಾಂಚ್ ಯಾಕ ತಗದಿ?"

"ಇಲ್ಲಿ ಚಹಾ ಫ್ರೀ ಐತಿ ಅಂತ ಸುದ್ದಿ ಆಗೇತಿ, ಏನ ಮಾಡ್ಲಿ?" ಎನ್ನುತ್ತಿದ್ದಳು ಅಕ್ಕ.

ಅವಳು ಮಾಡಿದ ಕೆಲಸಗಳಲ್ಲಿ ಎಲ್ಲರಿಗೂ ನೆನಪಿರುವುದು ಶನಿವಾರದ ಪಾಠ. ಅವ್ವ ಅದನ್ನು ಬಸ್ಸಿನ ಸಾಲಿ, ಅಂದರೆ ಬಸ್ಸಿನ ಶಾಲೆ, ಎಂದು ಕರೆದಳು. ಊರಿನಿಂದ ಹೊಸದಾಗಿ ಬಂದ ಹೆಂಗಸರಿಗೆ ಒಬ್ಬರೇ ಬಸ್ಸು, ಟ್ಯೂಬು ರೈಲು ಹತ್ತಿ ಹೋಗಿ ಬರುವುದನ್ನು ಕಲಿಸುವುದು. ಅಕ್ಕನ ಜೊತೆಗೆ ಈ ಸಾಲಿ ನಡೆಸಿದವರು ಲಂಡನ್ನಿನ ಇನ್ನೊಂದು ತುದಿಯ ಸ್ಟ್ಯಾನ್ಮೋರಿನ ವಿಮಲಕ್ಕ. ಮೈಸೂರಿನವರು, ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು, ಅಕ್ಕನಿಗಿಂತ ಹಿರಿಯರು. ತೋಟದ ನಡುವಿನ ಒಂಟಿ ಮನೆ, ದೊಡ್ಡ ಕಾರು ಎಲ್ಲ ಇದ್ದರೂ ಶನಿವಾರ ಮಾತ್ರ ಬಸ್ಸಿನಲ್ಲೇ ಬರುತ್ತಿದ್ದರು. ಪಾಠದ ನಿಯಮ ಇಷ್ಟು: ಕಲಿಯುವವಳು ಮುಂದೆ ಕೂರಬೇಕು, ಗುರುಗಳಿಬ್ಬರೂ ಗುರುತಿಲ್ಲದವರಂತೆ ಹಿಂದಿನ ಸೀಟಿನಲ್ಲಿ. ಅವಳು ಹಿಂತಿರುಗಿ ನೋಡುವಂತಿಲ್ಲ. ರೇನರ್ಸ್ ಲೇನಿನ ಅಂಗಡಿಯಲ್ಲಿ ಮೆಂತ್ಯ, ಬದನೆಕಾಯಿ ಕೊಂಡು ವಾಪಸ್ ಮನೆಗೆ ಬಂದರೆ ಪಾಸು. ದಾರಿ ತಪ್ಪಿದರೆ ಗುರುಗಳೂ ತುಟಿ ಬಿಚ್ಚದೆ ಅವಳ ಜೊತೆ ದಾರಿ ತಪ್ಪಬೇಕು. ಒಮ್ಮೆ ಒಬ್ಬಳು ಧೈರ್ಯದಿಂದ ತಪ್ಪು ಬಸ್ಸು ಹತ್ತಿ ಮೂವರೂ ಕಿಂಗ್‌ಸ್ಟನ್ನಿಗೆ ಹೋದರು. ನದಿಯ ದಂಡೆಯ ಮೇಲೆ ಐಸ್‌ಕ್ರೀಮು ತಿಂದು, ಬದನೆಕಾಯಿ ಇಲ್ಲದೆ, ನಕ್ಕು ನಕ್ಕು ಕಣ್ಣು ಕೆಂಪಾಗಿಸಿಕೊಂಡು ಬಂದರು. ಇಬ್ಬರು ಗುರುಗಳು ಯಾಕೆ ಎಂದು ನಾನು ಕೇಳಿದ್ದೆ.

"ಕಳದ್ರ ಒಬ್ಬಾಕಿ ಹುಡುಕಾಕ, ಒಬ್ಬಾಕಿ ನಗಾಕ," ಎಂದಿದ್ದಳು ಅಕ್ಕ.

ನನಗೆ ಆ ನಗು ಹಿಡಿಸುತ್ತಿರಲಿಲ್ಲ. ಶನಿವಾರ ನಸುಕಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ಅಕ್ಕ ಇರುತ್ತಿರಲಿಲ್ಲ. ಸಂಜೆ ವಿಮಲಕ್ಕನೊಂದಿಗೆ ಬಂದು, ನನಗೆ ಅರ್ಥವಾಗದ ಯಾವುದೋ ಮಾತಿಗೆ ಇಬ್ಬರೂ ಮತ್ತೆ ನಗುತ್ತಿದ್ದರು. ವಿಮಲಕ್ಕ ನನ್ನ ಗಲ್ಲ ಮುಟ್ಟಿ ಪ್ರತಿಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಸುಮಾ ಪುಟ್ಟ, ಮತ್ತೆ ಕಾಲೇಜಿಗೆ ಸೇರೋ ಯೋಚನೆ ಮಾಡಿದ್ಯಾ?"

ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು. ನಾನು ತಲೆ ಬಗ್ಗಿಸಿ ಅವರ ಚಹಾದ ಕಪ್ಪು ತೊಳೆಯಲು ಒಯ್ಯುತ್ತಿದ್ದೆ, ಅವರು ಕುಡಿದು ಮುಗಿಸುವ ಮೊದಲೇ.

ಅವರಿಬ್ಬರ ನಡುವೆ ಜಗಳವಾದದ್ದು ಒಂದು ಬೇಸಿಗೆಯಲ್ಲಿ, ಊಟದ ವಿಷಯಕ್ಕೆ. ದೀಪಾವಳಿಗೆ ಕನ್ನಡದವರೆಲ್ಲ ಒಂದು ಹಾಲ್ ಹಿಡಿದು ಸೇರುತ್ತಿದ್ದೆವು. ಹಿಂದಿನ ವರ್ಷಗಳಲ್ಲಿ ಅಡುಗೆ ನಮ್ಮವರದೇ. ರೊಟ್ಟಿ ನಮ್ಮ ಕಡೆಯಿಂದ, ಬಿಸಿಬೇಳೆಬಾತು ಮೈಸೂರಿನ ಕಡೆಯಿಂದ. ಆ ಸಲ ರೇನರ್ಸ್ ಲೇನಿನ ಹೋಟೆಲಿನಿಂದ ಊಟ ತರಿಸೋಣ, ಹೆಂಗಸರಿಗೆ ಒಂದು ದಿನವಾದರೂ ಬಿಡುವು ಸಿಗಲಿ ಎಂದರು ವಿಮಲಕ್ಕ. ಅಕ್ಕ ಸುತರಾಂ ಒಪ್ಪಲಿಲ್ಲ. ಮೀಟಿಂಗು ನಮ್ಮ ಮನೆಯ ಮುಂಗೋಣೆಯಲ್ಲೇ ನಡೆದಿತ್ತು. ನಾನು ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ.

"ಗಂಗಾ, ಇದು ನಿನ್ನ ಬ್ಯಾಂಕ್ ಅಲ್ಲ ಕಣೆ, ನೀನು ಹೇಳಿದ ಹಾಗೆ ಎಲ್ಲರೂ ಸಾಲಲ್ಲಿ ನಿಲ್ಲೋಕೆ," ಎಂದರು ವಿಮಲಕ್ಕ.

"ನಿಮ್ಮ ಆಸ್ಪತ್ರಿನೂ ಅಲ್ರಿ, ನೀವು ಹೇಳಿದ ಕೂಡ್ಲೇ ಎಲ್ಲಾರೂ ಬಾಯಿ ತಗದು 'ಆ' ಅನ್ನಾಕ!"

ಆಗ ಒಂದು ವಿಮಾನ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. ಬರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ವಿಮಲಕ್ಕ ಕೋಟು ತೊಟ್ಟುಕೊಂಡು ಹೊರಟೇಬಿಟ್ಟರು. ಮರುವಾರದಿಂದ ಬಸ್ಸಿನ ಸಾಲಿ ನಿಂತಿತು. ಆಗ ಪಾಠ ಅರ್ಧವಾಗಿದ್ದವಳು ಗದಗಿನ ಕಡೆಯ ನೀಲಮ್ಮ. ಅವಳ ಗಂಡ ಗೋದಾಮಿನಲ್ಲಿ ದುಡಿಯುತ್ತಿದ್ದ. ನಮ್ಮ ಮನೆಯೆದುರಿನ ಮೇಲ್ಮಹಡಿಯ ಫ್ಲಾಟಿನ ಕಿಟಕಿಯಲ್ಲಿ ಅವಳು ಮತ್ತೆ ಮೊದಲಿನಂತೆ ನಿಲ್ಲತೊಡಗಿದಳು.

ಆದರೆ ನನ್ನ ಶನಿವಾರಗಳು! ಪಾಳಿ ಮುಗಿಸಿ ಬಂದರೆ ಬಾಗಿಲಲ್ಲೇ ಒಗ್ಗರಣೆಯ ವಾಸನೆ. ಅಕ್ಕ ನನಗಾಗಿ ಎಣ್ಣೆಗಾಯಿ ಮಾಡಿ ಕಾದಿರುತ್ತಿದ್ದಳು. ಉಂಡು, ಹೈಸ್ಟ್ರೀಟಿನಲ್ಲಿ ಸುಮ್ಮನೆ ಅಡ್ಡಾಡಿ, ಬೇಡದ ಬಳೆಗಳನ್ನು ಹಾಕಿ ನೋಡಿ ತೆಗೆದಿಟ್ಟು, ಪೇಪರಿನ ಪೊಟ್ಟಣದಲ್ಲಿ ವಿನೆಗರ್ ಸುರಿದ ಚಿಪ್ಸು ತಿನ್ನುತ್ತಾ ಬರುತ್ತಿದ್ದೆವು. ದಾರಿಯಲ್ಲಿ ಪ್ರತಿಯೊಬ್ಬರೂ ಅವಳನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. "ಈಕಿ ನನ್ನ ತಂಗಿ" ಎಂದು ಅವಳು ಹೇಳಿದಾಗಲೆಲ್ಲ ನಾನು ಒಂದಿಷ್ಟು ಎತ್ತರವಾಗುತ್ತಿದ್ದೆ. ತನ್ನ ಪುಟ್ಟ ಕೆಂಪು ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಲು ಶುರುಮಾಡಿದಳು. ಅಕ್ಕ ನನಗೊಬ್ಬಳಿಗೇ ಸಿಕ್ಕಿದ್ದಳು. ಅಷ್ಟು ಸುಖ ನನಗೆ ಆ ಮೊದಲು ಗೊತ್ತಿರಲಿಲ್ಲ.

ಅಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಕೊಡುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಕಿರಿಯರು ಹಿರಿಯರ ಮನೆಗೆ ಹೋಗಿ, ಎಲೆ ಕೈಯಲ್ಲಿಟ್ಟು, ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನಬೇಕು. ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯಬೇಕು. ಬನ್ನಿ ಪಡೆದ ಮನೆಯವರು ಮರುದಿನವೋ ಮೂರನೆಯ ದಿನವೋ ಬಂದು ಹೋಗುವುದು ರೂಢಿ. ಹೌನ್ಸ್ಲೋದಲ್ಲಿ ಬನ್ನಿ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಮುದುಕ ಕೆನ್‌ನ ಅಂಗಳದಲ್ಲಿ ಒಂದು ಮರವಿತ್ತು. ಕಡ್ಡಿಯ ಎರಡೂ ಬದಿಗೆ ಸಣ್ಣ ಸಣ್ಣ ಎಲೆ, ಬೇಸಿಗೆಯಲ್ಲೂ ಹಳದಿ. ಮೊದಲ ವರ್ಷ ಅಕ್ಕ ಕೇಳಿಕೊಂಡು ಒಂದು ರೆಂಬೆ ತಂದಾಗ ಅಪ್ಪ ಮೂಗು ಮುರಿದಿದ್ದ.

"ಇದು ಬನ್ನಿ ಅಲ್ಲ."

"ನಾವೂ ಇಂಗ್ಲಿಷರಲ್ಲ. ಆದ್ರೂ ಇಲ್ಲೇ ಅದೀವಲ್ಲ?" ಎಂದಿದ್ದಳು ಅವ್ವ.

ಅಕ್ಕ ಕೆನ್‌ನ ಕೈಯಲ್ಲೂ ಅವನದೇ ಮರದ ಎಲೆ ಇಟ್ಟು ಕಾಲಿಗೆ ಬಿದ್ದಳು. ಅವನು ಗಾಬರಿಯಾಗಿ, ಏನೋ ಬಿದ್ದುಹೋಯಿತೆಂದು ತಾನೂ ಬಗ್ಗಿ ಹುಡುಕತೊಡಗಿದ. ಮುಂದಿನ ವರ್ಷಗಳಲ್ಲಿ ಅವನೇ ರೆಂಬೆ ಕತ್ತರಿಸಿ ತಂದು ಬೆಲ್ ಮಾಡುತ್ತಿದ್ದ. ವಿಮಲಕ್ಕನಿಗೂ ಈ ಪದ್ಧತಿ ಕಲಿಸಿದವಳು ಅಕ್ಕನೇ. ವರ್ಷವೂ ತಾನೇ ಸ್ಟ್ಯಾನ್ಮೋರಿಗೆ ಹೋಗಿ ಬನ್ನಿ ಕೊಡುತ್ತಿದ್ದಳು. ಮೂರನೆಯ ದಿನಕ್ಕೆ ವಿಮಲಕ್ಕ ಒಬ್ಬಟ್ಟು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು.

ಆ ದಸರೆಯ ದಿನ, ಅಕ್ಕ ಬ್ಯಾಂಕಿನಿಂದ ಬರುವಷ್ಟರಲ್ಲಿ ನಮ್ಮ ಬೀದಿಯ ಅಜ್ಜನೊಬ್ಬ ಜಾರಿಬಿದ್ದು ಆಸ್ಪತ್ರೆ ಸೇರಿದ್ದ. ಇಂಗ್ಲಿಷ್ ಬಾರದ ಅವನ ಹತ್ತಿರ ಅಕ್ಕ ಇರಲೇಬೇಕಿತ್ತು. ಕಾರಿನ ಬೀಗದಕೈ ತೆಗೆದುಕೊಂಡವಳು, ಬಿಳಿ ಕರವಸ್ತ್ರದಲ್ಲಿ ಕಟ್ಟಿದ ಎಲೆಗಳನ್ನು ನನ್ನ ಕೈಯಲ್ಲಿಟ್ಟಳು.

"ಸುಮ್ಮಿ, ಸ್ಟ್ಯಾನ್ಮೋರಿಗೆ ಹೋಗಿ ಬಾ. ನೀ ಕೊಟ್ಟರ ನಾ ಕೊಟ್ಟಂಗ. ಕಾಲಿಗೆ ಬೀಳು, ಮರೀಬ್ಯಾಡ. ತಪ್ಪಾತು ಅಂದಾಳ ಅಕ್ಕ ಅಂತ ಹೇಳು."

ಟ್ಯೂಬಿನಲ್ಲಿ ಪಿಕ್ಯಾಡಿಲಿ ಲೈನು, ಗ್ರೀನ್ ಪಾರ್ಕಿನಲ್ಲಿ ಬದಲಿಸಿ ಜುಬಿಲಿ ಲೈನು, ಕೊನೆಯ ಸ್ಟೇಷನ್ನು. ಅಷ್ಟು ದೂರದ ಪ್ರಯಾಣದಲ್ಲಿ ನಾನು ಯೋಚಿಸಿದ್ದು ಒಂದೇ. ಇದನ್ನು ಕೊಟ್ಟರೆ ಮುಂದಿನ ಶನಿವಾರ ಅಕ್ಕ ಮನೆಯಲ್ಲಿ ಇರುವುದಿಲ್ಲ. ವಿಮಲಕ್ಕನ ಗೇಟಿನವರೆಗೂ ಹೋದೆ. ಮುಂಬಾಗಿಲು ತೆರೆದೇ ಇತ್ತು, ಒಳಗೆ ದೀಪ. ದೊಡ್ಡ ಕಿಟಕಿಯಲ್ಲಿ ವಿಮಲಕ್ಕ ಕಂಡರು. ರೇಷ್ಮೆ ಸೀರೆ ಉಟ್ಟು, ಮೇಜಿನ ಮೇಲೆ ತಟ್ಟೆ ಜೋಡಿಸುತ್ತಿದ್ದರು. ಒಮ್ಮೆ ಬಾಗಿಲಿಗೆ ಬಂದು ಬೀದಿಯ ಆ ತುದಿಯವರೆಗೆ ನೋಡಿದರು. ನಾನು ಬೇಲಿಯ ಮರೆಗೆ ಸರಿದೆ. ಅವರು ಒಳಗೆ ಹೋದ ಮೇಲೆ ತಿರುಗಿ ನಡೆದೆ. ಬೀದಿಯ ತಿರುವಿನಲ್ಲಿ ಕರವಸ್ತ್ರ ಕೊಡವಿದೆ. ಅಕ್ಟೋಬರ್ ತಿಂಗಳು. ನೆಲದ ತುಂಬ ಹಳದಿ ಎಲೆ ಬಿದ್ದಿತ್ತು. ಅಕ್ಕ ಆರಿಸಿ ಕಟ್ಟಿದ್ದು ಯಾವುದು, ಗಾಳಿಗೆ ಉದುರಿದ್ದು ಯಾವುದು, ನನಗೂ ಗುರುತು ಸಿಗಲಿಲ್ಲ.

"ಕೊಟ್ಟಿಯೇನು?" ಎಂದು ಅಕ್ಕ ಆಸ್ಪತ್ರೆಯಿಂದ ಬಂದವಳೇ ಕೇಳಿದಳು.

"ಕೊಟ್ಟೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಇಸ್ಕೊಂಡು ಒಳಗ ಹ್ವಾದ್ರು."

ಎಲೆ ಚೆಲ್ಲಿದ್ದನ್ನು ಹೊಟ್ಟೆಕಿಚ್ಚಿನ ಹುಡುಗಿಯ ಕೆಲಸವೆಂದು ಯಾರಾದರೂ ಕ್ಷಮಿಸಬಹುದು. ಈ ಮಾತಿಗೆ ಮಾತ್ರ ನಾನು ಇಂದಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ. ಮೂರನೆಯ ದಿನ ಅಕ್ಕ ಬ್ಯಾಂಕಿನಿಂದ ಬೇಗ ಬಂದು ಮುಂಗೋಣೆ ಗುಡಿಸಿ, ಹೊಸ ಮೇಜುಬಟ್ಟೆ ಹಾಸಿ ಕೂತಳು. ಯಾರೂ ಬರಲಿಲ್ಲ. ಆ ಮೇಜುಬಟ್ಟೆಯನ್ನು ಅವಳೇ ಮಡಿಚಿ ಒಳಗಿಟ್ಟಳು. ದೀಪಾವಳಿಯ ಊಟಕ್ಕೂ ವಿಮಲಕ್ಕ ಬರಲಿಲ್ಲ.

ಆಮೇಲಿನ ಆ ವರ್ಷದ ಬಗ್ಗೆ ನಿಜ ಹೇಳಬೇಕೆಂದರೆ, ಅಪರಾಧದ ಭಾರದಿಂದ ನನಗೆ ಊಟ ಸೇರಲಿಲ್ಲ ಎಂದು ಬರೆಯಲಾರೆ. ಚೆನ್ನಾಗಿ ಉಂಡೆ. ಭಾನುವಾರ ಬೆಳಿಗ್ಗೆ ಅಂಗಡಿಗಳ ಖಾಲಿ ಕಾರ್ ಪಾರ್ಕಿನಲ್ಲಿ ಅಕ್ಕ ನನ್ನನ್ನು ಸುತ್ತು ಹಾಕಿಸುತ್ತಿದ್ದಳು.

"ಎಡಕ್ಕ! ಎಡಕ್ಕ ಅಂದ್ರ ನಿನ್ನ ಎಡಕ್ಕ, ನನ್ನ ಎಡಕ್ಕ ಅಲ್ಲ!"

"ಇಬ್ಬರೂ ಒಂದ ಕಡೆ ಮಾರಿ ಮಾಡಿ ಕುಂತೀವಲ್ಲ ಅಕ್ಕ, ಎಡಾ ಎರಡು ಹೆಂಗಾಕ್ಕಾವ?"

ಅವಳು ಸ್ವಲ್ಪ ಯೋಚಿಸಿ, ಡ್ಯಾಶ್‌ಬೋರ್ಡಿಗೆ ಹಣೆ ತಾಗಿಸಿ ನಕ್ಕಳು. ವಿಮಲಕ್ಕನ ಜೊತೆ ನಗುತ್ತಿದ್ದಳಲ್ಲ, ಅದೇ ನಗು. ಅದನ್ನು ಹುಟ್ಟಿಸಿದವಳು ಈಗ ನಾನು. ಬ್ಯಾಂಕಿನಲ್ಲಿ ನಡೆದದ್ದನ್ನೆಲ್ಲ ನನಗೆ ಹೇಳತೊಡಗಿದಳು. ಅಜ್ಜಿಯೊಬ್ಬಳು ಗಾಜಿನ ಕೆಳಗಿನ ಸಂದಿಯಿಂದ ಬಿಸಿ ಪರಾಠ ತೂರಿಸಿದ್ದು, ಮ್ಯಾನೇಜರು ನೋಡಿ ತನಗೂ ಒಂದು ಕೇಳಿದ್ದು. ದಪ್ಪ ಸ್ವೆಟರು ತೊಟ್ಟು, ಬರಿಗಾಲಲ್ಲಿ, ಅಡುಗೆಮನೆಯ ನೆಲದ ಮೇಲೆ ಕೂತು ನಾವು ರೊಟ್ಟಿ ಬಡಿಯುತ್ತಿದ್ದೆವು. ವಿಮಾನದ ಸದ್ದಿಗೆ ಸರಿಯಾಗಿ ತಾಳ ಹಾಕುವುದು ನಮ್ಮ ಆಟ. ನಾನು ಧೈರ್ಯವಾಗಿ ಮಾತಾಡುವುದನ್ನು ಕಲಿತದ್ದು ಆ ವರ್ಷ. ನಾನು ಇಂದು ಏನಾದರೂ ಆಗಿದ್ದರೆ, ಅದು ಆ ಶನಿವಾರಗಳಿಂದ. ಆ ಶನಿವಾರಗಳೋ, ನಾನು ಕದ್ದವು. ಕೆಲವೊಮ್ಮೆ ಮಾತ್ರ ಅಕ್ಕ ರೊಟ್ಟಿ ತಿರುವುವುದನ್ನು ಬಿಟ್ಟು, ಎದುರಿನ ಕಿಟಕಿಯಲ್ಲಿ ನಿಂತ ನೀಲಮ್ಮನನ್ನು ನೋಡುತ್ತಿದ್ದಳು. ರೊಟ್ಟಿ ಸೀಯುತ್ತಿತ್ತು.

ಮರುವರ್ಷದ ವಿಜಯದಶಮಿಯ ಬೆಳಿಗ್ಗೆ ಕೆನ್ ಎಂದಿನಂತೆ ರೆಂಬೆ ತಂದುಕೊಟ್ಟು ಹೋದ. ಅಕ್ಕ ಎಲೆ ಬಿಡಿಸುತ್ತಾ ತಾನೇ ಮಾತು ತೆಗೆದಳು.

"ಹ್ವಾದ ವರ್ಷ ನಂದಾ ತಪ್ಪು. ಬನ್ನಿ ಮತ್ತೊಬ್ಬರ ಕೈಯಾಗ ಕಳಿಸೂದಲ್ಲ. ಹಿರೇರು, ಅದಕ್ಕ ಸಿಟ್ಟಾಗ್ಯಾರ. ಇವತ್ತ ನಾನಾ ಹೋಗ್ತೀನಿ. ನೀ ಗಾಡಿ ಹೊಡಿ."

ಆಗಲೇ ಹೇಳಿಬಿಡಬಹುದಿತ್ತು. ಸ್ಟ್ಯಾನ್ಮೋರಿನವರೆಗಿನ ಒಂದೊಂದು ಕೆಂಪು ದೀಪದಲ್ಲೂ ಹೇಳಬಹುದಿತ್ತು. ದೀಪ ಹಸಿರಾದಾಗಲೆಲ್ಲ ಬದುಕಿಕೊಂಡೆ ಎನಿಸುತ್ತಿತ್ತು. ವಿಮಲಕ್ಕನೇ ಬಾಗಿಲು ತೆಗೆದರು. ಕೂದಲು ಸ್ವಲ್ಪ ನೆರೆತಿತ್ತು. ನಮ್ಮನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಈಗ ಬಂದ್ಯಾ? ಹೋದ ವರ್ಷ ಬಾಗಿಲು ತೆಗೆದಿಟ್ಟುಕೊಂಡು ಕಾದೆ ಕಣೆ ಗಂಗಾ. ಅಡುಗೆಯೆಲ್ಲ ಆರಿಹೋಯ್ತು. ನೀನೂ ಬರಲಿಲ್ಲ, ಒಂದು ಎಲೆಯನ್ನೂ ಕಳಿಸಲಿಲ್ಲ."

ಅಕ್ಕ ಬಾಯಿ ತೆರೆದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ನನ್ನ ಬೂಟುಗಳನ್ನು ನೋಡುತ್ತಿದ್ದೆ. ಹೌನ್ಸ್ಲೋ ಆಗಿದ್ದರೆ ಒಂದು ವಿಮಾನವಾದರೂ ಬರುತ್ತಿತ್ತು. ಸ್ಟ್ಯಾನ್ಮೋರಿನಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ.

"ನನಗ ಸೊಕ್ಕು ಬಂದಿತ್ರಿ ವಿಮಲಕ್ಕ," ಎಂದಳು ಅಕ್ಕ. "ತಪ್ಪಾತು."

ಬಗ್ಗಿ ಕಾಲು ಮುಟ್ಟಿದಳು. ವಿಮಲಕ್ಕ ಅವಳನ್ನು ಎಬ್ಬಿಸಲು ಹೋಗಿ ತಾವೇ ಕೂತುಬಿಟ್ಟರು. ಇಬ್ಬರೂ ಹೊಸ್ತಿಲ ಮೇಲೆ ಕೂತು ಅಳುವುದೂ ನಗುವುದೂ ಒಟ್ಟಿಗೇ ಆಯಿತು. ಒಳಗಿನಿಂದ ಬಂದ ಅವರ ಗಂಡ, ಇದೇನು ಇಬ್ಬರೂ ಬಿದ್ದಿರಾ ಎಂದು ಕೇಳಿದ್ದಕ್ಕೆ ನಗು ಇನ್ನೂ ಜೋರಾಯಿತು. ನನಗೂ ತಟ್ಟೆ ತುಂಬ ಬಿಸಿಬೇಳೆಬಾತು ಬಡಿಸಿದರು. ಅದರ ರುಚಿ ನನಗೆ ನೆನಪಿಲ್ಲ.

ವಾಪಸು ಬರುವಾಗ ಬಹಳ ದೂರದವರೆಗೆ ಅಕ್ಕ ಹೇಳಿದ್ದು ಒಂದೇ ಮಾತು, "ಇಂಡಿಕೇಟರ್ ಹಾಕು" ಎಂದು. ಮನೆ ಹತ್ತಿರ ಬಂದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು:

"ಶನಿವಾರದ ಪಾಳಿ ಬದಲು ಮಾಡ್ಕೋ. ಬಸ್ಸಿನ ಸಾಲಿಗೆ ಮೂರನೇದಾಕಿ ಬೇಕು."

"ಅಕ್ಕ, ನಾ ಆವತ್ತ..."

"ಮುಂದ ಬಸ್ ನಿಂತೈತಿ ನೋಡು. ಬ್ರೇಕ್ ಹಿಡಿ."

ಅಷ್ಟೇ. ಅಲ್ಲಿಂದ ಮುಂದೆ ಅವಳು ಆ ಮಾತು ಎತ್ತಲಿಲ್ಲ. ನನ್ನನ್ನೂ ಕರೆದುಕೊಳ್ಳಿ ಎಂದು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು ಎಂದು ನನಗೆ ತಿಳಿದದ್ದು ಆ ಶನಿವಾರ. ಹಿಂದಿನ ಸೀಟಿನಲ್ಲಿ ನಾವು ಮೂವರೂ ಗುರುತಿಲ್ಲದವರಂತೆ ಕೂತಿದ್ದೆವು, ಮುಂದೆ ನೀಲಮ್ಮ. ಅಂಗಡಿಯಲ್ಲಿ ಅವಳು ಬದನೆಕಾಯಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಸರಿಯಿಲ್ಲವೆಂದು ಅಂಗಡಿಯವನೊಂದಿಗೆ ಅಪ್ಪಟ ಗದಗಿನ ಕನ್ನಡದಲ್ಲಿ ಜಗಳ ತೆಗೆದಳು. ಅವನು ಗುಜರಾತಿಯಲ್ಲಿ ಉತ್ತರ ಕೊಟ್ಟ. ಗೆದ್ದವಳು ನೀಲಮ್ಮ. ವಿಮಲಕ್ಕ ನಗು ತಡೆಯಲು ನನ್ನ ಭುಜ ಕಚ್ಚುವುದೊಂದು ಬಾಕಿ. ಅವರನ್ನು ನಾನು ಪ್ರೀತಿಸತೊಡಗಿದ್ದು ಅಲ್ಲಿಂದ. ವರ್ಷಗಟ್ಟಲೆ ನಾವು ಮೂವರೂ ಅದೆಷ್ಟೋ ಹೆಂಗಸರ ಹಿಂದೆ ದಾರಿ ತಪ್ಪಿದೆವು.

ಆದರೆ ಅಕ್ಕ ಅಂದು ಹೊಸ್ತಿಲ ಮೇಲೆ ಆಡಿದ ಮಾತು ಅವಳ ಮೈಗೆ ಅಂಟಿಕೊಂಡಿತು. ಪ್ರತಿ ದಸರೆಗೂ ವಿಮಲಕ್ಕ ಎಲ್ಲರ ಮುಂದೆ ಕೇಳುತ್ತಿದ್ದರು.

"ಏನಮ್ಮಾ ಬ್ಯಾಂಕ್ ಮೇಡಂ, ಈ ವರ್ಷ ಸೊಕ್ಕು ಬಂದಿಲ್ಲ ತಾನೇ?"

ಎಲ್ಲರೂ ನಗುತ್ತಿದ್ದರು, ಅಕ್ಕ ಎಲ್ಲರಿಗಿಂತ ಜೋರಾಗಿ. ಆ ಹಾಸ್ಯ ಬಾಯಿಂದ ಬಾಯಿಗೆ ಹೋಗಿ, ಅವಳನ್ನು ಸರಿಯಾಗಿ ಅರಿಯದವರೂ "ಒಳ್ಳೆಯವರೇ, ಆದರೆ ಸ್ವಲ್ಪ ಸೊಕ್ಕು" ಎನ್ನುವಂತಾಯಿತು. ಅವಳು ಮ್ಯಾನೇಜರಳಾದ ಮೇಲೆ ನಮ್ಮವರೆಲ್ಲ ಸೇರಿ ಅವಳಿಗೊಂದು ಸನ್ಮಾನ ಮಾಡಿದರು. ವೇದಿಕೆಯ ಮೇಲೆ ಯಾರೋ ಇದೇ ಕತೆ ಹೇಳಿದರು. ಬನ್ನಿ ಕೊಡದೆ ಒಂದು ವರ್ಷ ಮುನಿದು ಕೂತ ಗಂಗಾ ಮೇಡಂ ಎಂದು. ಹಾಲ್ ತುಂಬ ನಗು. ನಾನು ಹಿಂದೆ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದೆ. ಬುಟ್ಟಿ ಕೆಳಗಿಟ್ಟು ಒಂದು ಮಾತು ಹೇಳಬೇಕಿತ್ತು. ಹೇಳದೆ ಬಡಿಸುತ್ತಾ ಹೋದೆ.

ಇದನ್ನು ಬರೆದು ಮೊನ್ನೆ ಅಕ್ಕನಿಗೆ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಹರದ ಹಾಕು," ಎಂದಳು. "ಸೊಕ್ಕಿನಾಕಿ ಅಂತ ಮಂದಿ ಇಷ್ಟ ವರ್ಷ ಅಂಜಿ ನನ್ನ ಮಾತು ಕೇಳ್ಯಾರ. ಈಗ ಖರೇ ಗೊತ್ತಾದ್ರ ಯಾರ ಕೇಳ್ತಾರ?"

ಅವಳ ಮಾತನ್ನು ನಾನು ಮೀರಿದ್ದು ಇದು ಎರಡನೆಯ ಸಲ. ವಿಮಲಕ್ಕ, ಕನ್ನಡ ಓದುವುದನ್ನು ನೀವು ಬಿಟ್ಟಿಲ್ಲವೆಂದು ಗೊತ್ತಿದ್ದೇ ಇದನ್ನು ಬರೆದಿದ್ದೇನೆ. ನನ್ನ ಅಕ್ಕನಿಗೆ ಒಂದು ದಿನವೂ ಸೊಕ್ಕು ಬಂದಿರಲಿಲ್ಲ. ಆ ವರ್ಷವೂ ಅವಳು ಬನ್ನಿ ಕಳಿಸಿದ್ದಳು, ತಪ್ಪಾಯಿತೆಂಬ ಮಾತಿನ ಜೊತೆಗೆ. ನೀವು ಬಾಗಿಲು ತೆರೆದಿಟ್ಟು ಕಾಯುತ್ತಿದ್ದಾಗ ಅದು ನಿಮ್ಮ ಗೇಟಿನವರೆಗೆ ಬಂದಿತ್ತು, ನನ್ನ ಕೈಯಲ್ಲಿ.